ಮಾಂಡ್ವಿಯಿಂದ ಮಾಟುಂಗಾಕ್ಕೆ: ಪ್ಲೇಗ್ ಬದಲಿಸಿದ ಮುಂಬೈ

ಮುಂಬೈಯ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದರೆ ಮಾಂಡ್ವಿ ಪಕ್ಕದಲ್ಲೇ. ಮೊದಲು ಒಣಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯುತ್ತದೆ, ಆಮೇಲೆ ಕೈಗಾಡಿಯವರ ಕೂಗು. ಕೆಳಗೆ ಗೋದಾಮು, ಮೇಲೆ ಮನೆಗಳು. 1896ರ ಸೆಪ್ಟೆಂಬರಿನಲ್ಲಿ ಡಾ. ವಿಯೆಗಾಸ್ ಅವರು ಪ್ಲೇಗ್ ಬಂದಿದೆ ಅಂತ ಗುರುತಿಸಿದ್ದು ಇದೇ ಪೇಟೆಯಲ್ಲಿ. ಬಂದಿದ್ದು ಒಂದೆರಡು ವರ್ಷಕ್ಕೆ ಹೋಗಲಿಲ್ಲ, ಇಪ್ಪತ್ತನೇ ಶತಮಾನ ಶುರುವಾದ ಮೇಲೂ ವರ್ಷ ವರ್ಷ ಮರಳಿ ಬಂದು ಜನರನ್ನು ಕೊಂದಿತು.

ಇಲ್ಲೇ ಯಾಕೆ ಅನ್ನೋದು ಗಲ್ಲಿಯಲ್ಲಿ ನಿಂತರೆ ಅರ್ಥವಾಗುತ್ತದೆ. ಬಂದರಿನ ಕಾಳಿನ ಮೂಟೆ ಇಲ್ಲಿಗೇ ಬರುತ್ತಿತ್ತು. ಮೂಟೆ ಇದ್ದಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ. ಇಲಿ ಸತ್ತರೆ ಚಿಗಟಕ್ಕೆ ಬೇರೆ ಮೈ ಬೇಕು, ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿದ ಹಮಾಲರು ಹತ್ತಿರದಲ್ಲೇ ಇದ್ದರು. ಡಾಕ್ಟರ್ ಗ್ಲೆನ್ ಲಿಸ್ಟನ್ ಮುಂಬೈಯ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಬಾಡಿಗೆ ಕಟ್ಟಡದಲ್ಲಿ, ಇಲಿಗಳು ಸತ್ತ ಮೇಲೆ ಗಿನಿ ಹಂದಿಗಳನ್ನು ಒಳಗೆ ಬಿಟ್ಟು ನೋಡಿದರು. ಇಲಿಯ ಚಿಗಟಗಳು ಅವುಗಳ ಮೈಗೆ ಹತ್ತಿದ್ದವು. ಎಷ್ಟು ಸರಳ ಪರೀಕ್ಷೆ ಅಲ್ವಾ? ಅವರು ಕೆಲಸ ಮಾಡಿದ ಪರೇಲಿನ ಪ್ಲೇಗ್ ಪ್ರಯೋಗಾಲಯ ಇವತ್ತಿಗೂ ಹಾಫ್‌ಕಿನ್ ಸಂಸ್ಥೆ ಅನ್ನೋ ಹೆಸರಿನಲ್ಲಿದೆ.

ಆದರೆ ಸರ್ಕಾರ ಅಷ್ಟರಲ್ಲೇ ಗಾಳಿ ಬೆಳಕು ಇಲ್ಲದ್ದೇ ಕಾರಣ ಅಂದುಕೊಂಡು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಅನ್ನೋ ನಗರ ಸುಧಾರಣೆಯ ಸಂಸ್ಥೆ ಮಾಡಿ, ಚಾಳುಗಳನ್ನು ಕೆಡವಿ, ಸ್ಯಾಂಡ್‌ಹರ್ಸ್ಟ್ ರೋಡ್, ಪ್ರಿನ್ಸೆಸ್ ಸ್ಟ್ರೀಟ್ ತರದ ಅಗಲವಾದ ರಸ್ತೆಗಳನ್ನು ತೆಗೆಯಿತು. ಮನೆ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಕೂಲಿ ಸಿಗೋದು ಬಂದರಿನಲ್ಲೇ. ಪಕ್ಕದ ಗಲ್ಲಿಯಲ್ಲಿ ಇನ್ನೂ ಜಾಸ್ತಿ ಒತ್ತಿಕೊಂಡು ಮಲಗಿದರು. ಇದು ನನಗೆ ಸಿಟ್ಟು ತರಿಸುವ ವಿಷಯ.

ಅಲ್ಲಿಂದ ಲೋಕಲ್ ಹಿಡಿದು ಮಾಟುಂಗಾಕ್ಕೆ ಹೋದೆ. ನಮ್ಮ ಉಡುಪಿ ಕಡೆಯವರ ಹೋಟೆಲುಗಳಲ್ಲಿ ಇಡ್ಲಿ ತಿನ್ನುವವರಿಗೆ ಗೊತ್ತಿರಲಿ, ಈ ಮರದ ನೆರಳಿನ ಬೀದಿಗಳೂ ಅದೇ ಟ್ರಸ್ಟಿನ ಯೋಜನೆ. ಇಲ್ಲಿನ ಬಾಡಿಗೆ ಗುಮಾಸ್ತರಿಗೆ ಎಟುಕಿತು, ಮಾಂಡ್ವಿಯ ಹಮಾಲರಿಗಲ್ಲ.

ಈ ಅಂತರ ಮುಂದಿನ ರೋಗದಲ್ಲೂ ಕಂಡಿತು. 1918ರ ಜೂನಿನಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದಾಗ ಮೊದಲು ಮಲಗಿದವರಲ್ಲಿ ಬಂದರಿನ ಪೊಲೀಸ್ ಪೇದೆಗಳೂ ಇದ್ದರು. ಅಕ್ಟೋಬರ್ 6ರ ಒಂದೇ ದಿನ ನಗರದಲ್ಲಿ 768 ಸಾವು. ಆಗಿನ ಲೆಕ್ಕದ ಪ್ರಕಾರ ಕೆಳಜಾತಿ ಅನ್ನಿಸಿಕೊಂಡ ಹಿಂದೂಗಳಲ್ಲಿ ಸಾವಿರಕ್ಕೆ 61.6 ಜನ ಸತ್ತರು, ಯುರೋಪಿಯನ್ನರಲ್ಲಿ 8.3.