ಇಎಫ್ 60 ಇದ್ದರೂ ಒಮ್ಮೆ ಸ್ಟ್ರೈನ್ ನೋಡಿ

ಎಕೋ ಮುಗಿಯುತ್ತಿದ್ದ ಹಾಗೆ ಮನೆಯವರು ಕೇಳುವುದು ಒಂದೇ: "ಪಂಪಿಂಗ್ ಎಷ್ಟಿದೆ?" ಇಎಫ್, ಅಂದರೆ ಹೃದಯದಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ, 60 ಅಂದರೆ ಸಾಕು, ನಿರಾಳ. ಎಕೋ ಟೆಕ್ನಿಷಿಯನ್ ಆಗಿ ನನಗೆ ಆ ನಂಬರಿನ ಮೇಲೆ ಅಷ್ಟು ಭರವಸೆಯಿಲ್ಲ. ಕಾರಣ, ಅಮೈಲಾಯ್ಡೋಸಿಸ್.

ಸರಿಯಾಗಿ ಮಡಚಿಕೊಳ್ಳದ ಪ್ರೋಟೀನ್ ಹೃದಯದ ಸ್ನಾಯುವಿನೊಳಗೆ ತುಂಬಿಕೊಳ್ಳುವ ಕಾಯಿಲೆ ಇದು. ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ. ಒಳಗಿನ ಜಾಗ ಕಿರಿದಾಗುತ್ತದೆ. ಸ್ವಲ್ಪವೇ ರಕ್ತದಲ್ಲಿ ಶೇ. 60 ಹೊರಗೆ ಹೋದರೆ ಏನು ಬಂತು?

ಎಪ್ಪತ್ತು ದಾಟಿದ ಒಬ್ಬರು ಏದುಸಿರು, ಕಾಲೂತ ಅಂತ ಬಂದಿದ್ದರು. ಗೋಡೆ 16 ಮಿ.ಮೀ. ಸಾಮಾನ್ಯವಾಗಿ ಇಂಥದ್ದನ್ನು 'ಬಿಪಿ ಹಾರ್ಟ್' ಅಂತ ಬರೆದು ಮುಗಿಸುತ್ತಾರೆ. ಆದರೆ ಇಸಿಜಿಯಲ್ಲಿ ಅಲೆಗಳು ಕುಳ್ಳಗಿದ್ದವು. ಬಿಪಿಯಿಂದ ಗೋಡೆ ದಪ್ಪವಾಗಿದ್ದರೆ ವೋಲ್ಟೇಜ್ ಜಾಸ್ತಿ ಇರಬೇಕಿತ್ತಲ್ವಾ? ಎರಡೂ ಅಂಗೈ ಬುಡದಲ್ಲಿ ಹಳೇ ಹೊಲಿಗೆ ಗುರುತು. ಕೇಳಿದೆ. "ಕೈ ಜೋಮು ಹಿಡೀತಿತ್ತಮ್ಮಾ, ನರ ಬಿಡಿಸಿದ್ರು. ಬಿಪಿ ಮಾತ್ರೆನೂ ಈಗ ಬೇಡ ಅಂದಿದಾರೆ, ತಾನಾಗೇ ಇಳಿದಿದೆ" ಅಂದರು. ಖುಷಿಯಿಂದಲೇ ಹೇಳಿದರು, ಪಾಪ. ನನಗೆ ಮಾತ್ರ ಎರಡೂ ಅಮೈಲಾಯ್ಡೋಸಿಸ್‌ನ ಸುಳಿವಿನ ಹಾಗೆ ಕೇಳಿಸಿತು.

ಸ್ಟ್ರೈನ್ ಹಾಕಿದೆ. ಗೋಡೆಯ ಒಂದೊಂದು ತುಂಡೂ ಉದ್ದದಲ್ಲಿ ಎಷ್ಟು ಕುಗ್ಗುತ್ತದೆ ಅಂತ ಮಷಿನ್ ಲೆಕ್ಕ ಹಾಕುತ್ತದೆ. ಲೆಕ್ಕ ಶೇಕಡಾದಲ್ಲಿ, ಕುಗ್ಗುವುದರಿಂದ ಮೈನಸ್. ಸರಾಸರಿ ಮೈನಸ್ 20ರ ಆಸುಪಾಸು ಇರಬೇಕು. ಇವರದ್ದು ಮೈನಸ್ 11. ಅದಕ್ಕಿಂತ ಮುಖ್ಯ, ಹೃದಯದ ತುದಿಯನ್ನು ನಡುವೆ, ಬುಡವನ್ನು ಹೊರಸುತ್ತಿನಲ್ಲಿ ತೋರಿಸುವ ಬುಲ್ಸ್ ಐ ಚಿತ್ರ. ಸುತ್ತ ಎಲ್ಲ ಬಿಳಿಚಿಕೊಂಡು, ನಡುವೆ ಮಾತ್ರ ಹಣೆಗಿಟ್ಟ ಕುಂಕುಮದ ಹಾಗೆ ಕಡುಕೆಂಪು. ಅಂದರೆ ಬುಡ ಸೋತಿದೆ, ತುದಿ ಇನ್ನೂ ಗಟ್ಟಿ. ಮೈನಸ್ ಬಿಟ್ಟು ನೋಡಿದರೆ ತುದಿ 19, ನಡುಭಾಗ 10, ಬುಡ 5. ತುದಿಯ ಸರಾಸರಿಯನ್ನು ಉಳಿದೆರಡರ ಮೊತ್ತದಿಂದ ಭಾಗಿಸಿದರೆ ಸುಮಾರು 1.3. ಒಂದು ದಾಟಿದರೆ ಅನುಮಾನ ಪಡಲೇಬೇಕು.

ಹೊಸದಾಗಿ ಕಲಿಯುವವರಿಗೆ ಒಂದು ಮಾತು. ಬಣ್ಣ ನೋಡಿ ಕುಣಿಯುವ ಮೊದಲು ಚಿತ್ರ ನೋಡಿ. ಪ್ರೋಬ್ ಇರಬೇಕಾದ್ದಕ್ಕಿಂತ ಒಂದು ಪಕ್ಕೆಲುಬಿನ ಸಂದಿನಷ್ಟು ಮೇಲಿದ್ದರೂ ನಿಜವಾದ ತುದಿ ತಪ್ಪಿಹೋಗುತ್ತದೆ. ಆಮೇಲೆ ತುದಿಯ ನಂಬರಿಗೆ ಅರ್ಥವೇ ಇಲ್ಲ. ಫ್ರೇಮ್ ರೇಟ್ ಸೆಕೆಂಡಿಗೆ 50ರಿಂದ 80ರೊಳಗಿರಲಿ. ಮಷಿನ್ ತಾನೇ ಎಳೆದ ಗೆರೆ ಪೆರಿಕಾರ್ಡಿಯಂ (ಹೃದಯದ ಹೊರಪೊರೆ) ಮೇಲೆ ಹತ್ತಿದ್ದರೆ ಕೈಯಿಂದಲೇ ಒಳಗೆ ತನ್ನಿ, ಇಲ್ಲದಿದ್ದರೆ ಸ್ಟ್ರೈನ್ ಸುಮ್ಸುಮ್ನೆ ಕಡಿಮೆ ಬರುತ್ತದೆ.

ಇದೇ ಚಿತ್ರ ಅಯೋರ್ಟಿಕ್ ವಾಲ್ವ್ ಕಿರಿದಾದವರಲ್ಲಿ, ಕಿಡ್ನಿ ತೊಂದರೆಯಿರುವವರಲ್ಲಿ ಕೂಡ ಕೆಲವೊಮ್ಮೆ ಕಾಣುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ 'ಅಮೈಲಾಯ್ಡ್ ಅನುಮಾನ' ಅಂತಷ್ಟೇ ಹಾಕಿ, ಡಾಕ್ಟರಿಗೆ ಫೋನ್ ಮಾಡಿದೆ. ಪೇಷಂಟ್ ಹತ್ತಿರ ಕಾಯಿಲೆಯ ಹೆಸರು ಎತ್ತಲಿಲ್ಲ. ಅದು ನಮ್ಮ ಕೆಲಸವಲ್ಲ.

ಮೂಳೆಮಜ್ಜೆಯಿಂದ ಅಸಹಜ ಪ್ರೋಟೀನ್ ಬರುತ್ತಿದೆಯಾ ಅಂತ ನೋಡಲು ಡಾಕ್ಟರು ರಕ್ತದಲ್ಲಿ ಫ್ರೀ ಲೈಟ್ ಚೈನ್, ರಕ್ತ ಮತ್ತು ಮೂತ್ರ ಎರಡರಲ್ಲೂ ಇಮ್ಯುನೋಫಿಕ್ಸೇಷನ್, ಜೊತೆಗೆ ಹೃದಯದಲ್ಲಿ ಅಮೈಲಾಯ್ಡ್ ಹುಡುಕುವ ಪಿವೈಪಿ ಸ್ಕ್ಯಾನ್ ಬರೆದರು. ಸ್ಕ್ಯಾನ್ ಒಂದನ್ನೇ ನಂಬುವ ಹಾಗಿಲ್ಲ. ಮೂಳೆಮಜ್ಜೆಯಿಂದ ಬರುವ ಎಎಲ್ ಬಗೆಯಲ್ಲೂ ಅದು ಪಾಸಿಟಿವ್ ಬರಬಹುದು, ಮತ್ತು ಎಎಲ್ ಆದರೆ ಕೀಮೋ ತಡಮಾಡುವಂತಿಲ್ಲ. ಇವರ ಲೈಟ್ ಚೈನ್ ಸರಿಯಿತ್ತು, ಸ್ಕ್ಯಾನ್ ಪಾಸಿಟಿವ್. ಟ್ರಾನ್ಸ್‌ಥೈರೆಟಿನ್ ಅನ್ನುವ ಪ್ರೋಟೀನಿನಿಂದ ಬರುವ ಬಗೆ ಅಂತಾಯಿತು. ಇದು ಕೆಲವೊಮ್ಮೆ ವಂಶದಲ್ಲಿ ಬರುವುದರಿಂದ, ಈಗ ಮನೆಯವರ ಜೀನ್ ಟೆಸ್ಟ್ ಬಗ್ಗೆ ಮಾತು ನಡೆದಿದೆ.