ಜಾವಗಲ್‌ನಿಂದ ಗುಣವಂತೆವರೆಗೆ

ಅರಸೀಕೆರೆ ದಾಟಿ ಬಾಣಾವರದಲ್ಲಿ ಎಡಕ್ಕೆ ತಿರುಗಿದರೆ ಹಳೇಬೀಡಿನ ಕಡೆ ಹೋಗುವ ರಸ್ತೆ. ತೆಂಗಿನ ತೋಟ, ರಾಗಿ ಕೊಯ್ದ ಹೊಲ, ನಡುನಡುವೆ ಕೆರೆ ಏರಿ. ಈ ದಾರಿಯಲ್ಲಿ ಬರುವ ಹೊರಗಿನವರಲ್ಲಿ ಹೆಚ್ಚಿನವರು ಹೊಯ್ಸಳರ ಗುಡಿ ನೋಡಲು ಬರುವವರು. ನಾನೂ ಸೋದರಮಾವನೂ ಬಂದದ್ದು ಒಬ್ಬ ಬೌಲರ್‌ಗಾಗಿ. ಲೋಕದ ಕ್ರಿಕೆಟ್ ಸ್ಕೋರ್‌ಕಾರ್ಡುಗಳಲ್ಲೆಲ್ಲ ತನ್ನ ಹೆಸರು ಬರೆಸಿಕೊಂಡ ಊರು ಇಲ್ಲಿದೆ: ಜಾವಗಲ್.

ಆ ಬೌಲರ್, ಜಾವಗಲ್ ಶ್ರೀನಾಥ್, ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಇಂಜಿನಿಯರಿಂಗ್ ಓದಿದ್ದೂ ಅಲ್ಲೇ. ಆದರೆ ಮನೆತನದ ಊರಿನ ಹೆಸರು ಅವರನ್ನು ಬಿಡಲಿಲ್ಲ, ಅವರೂ ಊರನ್ನು ಬಿಟ್ಟುಕೊಡಲಿಲ್ಲ. ಜೋಹಾನ್ಸ್‌ಬರ್ಗಿನಲ್ಲೋ ಲಾರ್ಡ್ಸ್‌ನಲ್ಲೋ ಕಾಮೆಂಟರಿ ಹೇಳುವವರು ‘ಜಾವಗಲ್’ ಎಂದು ಕರೆದಾಗಲೆಲ್ಲ ಮಾವ ಟೀವಿ ಮುಂದೆ ನೆಟ್ಟಗೆ ಕೂರುತ್ತಿದ್ದರು. ಹಾಸನ ಜಿಲ್ಲೆಯ ಒಂದು ಹೋಬಳಿ ಊರನ್ನು ಇಂಗ್ಲೆಂಡಿನವರ ಬಾಯಲ್ಲಿ ಕೇಳುವುದೇ ಅವರಿಗೊಂದು ಸಂಭ್ರಮ.

ಇಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ ಹದಿಮೂರನೇ ಶತಮಾನದ್ದು, ತ್ರಿಕೂಟ. ಹೊರಗೋಡೆಯ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲ. ಪ್ರದಕ್ಷಿಣೆ ಮುಗಿಸಿ ಹೊರಬಂದರೆ ಊರಾಚೆಯ ಕೊಯ್ಲಾದ ಹೊಲದಲ್ಲಿ ಹುಡುಗರು ಟೆನಿಸ್ ಬಾಲಿನಲ್ಲಿ ಆಡುತ್ತಿದ್ದರು. ತೆಳ್ಳಗಿನ ಹುಡುಗನೊಬ್ಬ ಬದುವಿನ ಆಚೆಯಿಂದ ಓಡಿಬಂದು ಚೆಂಡು ಎಸೆಯುತ್ತಿದ್ದ. ಬದು ಹಾರುವಾಗಲೂ ಅವನ ಓಟದ ಲಯ ತಪ್ಪುತ್ತಿರಲಿಲ್ಲ. ಮಾವ ಎರಡು ಓವರ್ ನಿಂತು ನೋಡಿ, “ತೋಳು ಎತ್ತರದಿಂದ ಬರ್ತಿದೆ ನೋಡೋ” ಅಂದರು.

ಶ್ರೀನಾಥ್ ಎಂದರೆ ಎಲ್ಲರೂ ಮೊದಲು ಹೇಳುವುದು 1996ರ ಅಕ್ಟೋಬರಿನ ಟೈಟನ್ ಕಪ್ ಪಂದ್ಯ. ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ 216 ಬೆನ್ನಟ್ಟುವಾಗ ಸಚಿನ್ 88ಕ್ಕೆ ಔಟಾದರು, 164ಕ್ಕೆ 8 ವಿಕೆಟ್. ಉಳಿದ 52 ರನ್ನನ್ನು ಶ್ರೀನಾಥ್ ಮತ್ತು ಕುಂಬ್ಳೆ ಸೇರಿ ಹೊಡೆದು ಗೆಲ್ಲಿಸಿದರು. ಆ ರಾತ್ರಿ ಬೆಂಗಳೂರಿನ ಬೀದಿಗಳಲ್ಲಿ ಪಟಾಕಿ. ನನಗೆ ಮಾತ್ರ ಅದಕ್ಕಿಂತ ಆಳಕ್ಕೆ ಇಳಿದಿರುವುದು 1999ರ ಫೆಬ್ರವರಿಯ ಕಲ್ಕತ್ತಾ ಟೆಸ್ಟ್. ಪಾಕಿಸ್ತಾನದ ವಿರುದ್ಧ ಮೊದಲ ಇನಿಂಗ್ಸಿನಲ್ಲಿ 5, ಎರಡನೆಯದರಲ್ಲಿ 86 ರನ್ನಿಗೆ 8, ಒಟ್ಟು 13 ವಿಕೆಟ್. ಅತ್ತ ಸಯೀದ್ ಅನ್ವರ್ 188 ಹೊಡೆದು ಔಟಾಗದೆ ನಿಂತೇ ಬಿಟ್ಟರು. ಸಚಿನ್ ರನ್‌ಔಟ್ ಆದಾಗ ಗಲಾಟೆಯೆದ್ದು, ಕೊನೆಗೆ ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಿ ಖಾಲಿ ಈಡನ್ ಗಾರ್ಡನ್ಸ್‌ನಲ್ಲಿ ಪಂದ್ಯ ಮುಗಿಸಿದರು. ಭಾರತ 46 ರನ್ನಿನಿಂದ ಸೋತಿತು. ತನ್ನ ಬದುಕಿನ ಅತಿ ದೊಡ್ಡ ಬೌಲಿಂಗ್ ಮಾಡಿದವನು ಸೋತ ತಂಡದಲ್ಲಿದ್ದ, ಆಟ ಮುಗಿದಾಗ ಚಪ್ಪಾಳೆ ಹೊಡೆಯಲು ಜನವೂ ಇರಲಿಲ್ಲ. ಆ ಸ್ಪೆಲ್ಲನ್ನು ನೆನೆದಾಗಲೆಲ್ಲ ನನಗೆ ಈಗಲೂ ಎದೆ ಭಾರವಾಗುತ್ತದೆ, ಅಷ್ಟೇ ಹೆಮ್ಮೆಯೂ ಆಗುತ್ತದೆ.

ಕಡೂರು, ಬೀರೂರು, ತರೀಕೆರೆ ಮೇಲೆ ಭದ್ರಾವತಿ. ತರೀಕೆರೆಯಿಂದಾಚೆ ಅಡಿಕೆ ತೋಟಗಳು ದಟ್ಟವಾಗುತ್ತವೆ, ಗಾಳಿ ತಂಪಾಗುತ್ತದೆ. ಭದ್ರಾವತಿ ಮಾತ್ರ ಕಾರ್ಖಾನೆಯ ಊರು. ಮೈಸೂರು ಸಂಸ್ಥಾನದ ಕಾಲದ ಕಬ್ಬಿಣದ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಿದೆ, ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಎರಡರ ಸೈರನ್ನಿಗೆ ಎದ್ದು ಮಲಗುತ್ತಿದ್ದ ಊರು ಈಗ ಸುಮ್ಮನಾಗಿದೆ. ಕ್ವಾರ್ಟರ್ಸಿನ ಹೆಂಚಿನ ಮನೆಗಳ ಸಾಲಿನಲ್ಲಿ ಬೀಗ ಹಾಕಿದವೇ ಹೆಚ್ಚು. 1949ರ ಫೆಬ್ರವರಿಯಲ್ಲಿ ಈ ಊರಿನಲ್ಲಿ ಹುಟ್ಟಿದವರು ಗುಂಡಪ್ಪ ರಂಗನಾಥ ವಿಶ್ವನಾಥ್.

ವಿಶಿ ಮಾವನ ಪ್ರಾಣ. ಕಾರು ಭದ್ರಾ ಸೇತುವೆ ಹತ್ತುವ ಹೊತ್ತಿಗೆ ಅವರು ಮದ್ರಾಸಿಗೆ ಹೋಗಿಬಿಟ್ಟಿದ್ದರು. 1975ರ ಜನವರಿ, ಚೆಪಾಕ್, ವೆಸ್ಟ್ ಇಂಡೀಸ್. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ಇನಿಂಗ್ಸ್ ಅದು. ಭಾರತದ ಒಟ್ಟು 190ರಲ್ಲಿ ವಿಶ್ವನಾಥ್ ಒಬ್ಬರದೇ 97, ಔಟಾಗದೆ. ಕೊನೆಯವರಾಗಿ ಬಂದ ಚಂದ್ರಶೇಖರ್ ಔಟಾದಾಗ ಸೆಂಚುರಿಗೆ ಬೇಕಿದ್ದದ್ದು ಮೂರು ರನ್.

“ನಮ್ಮ ಕಾಲೇಜಿನ ಎದುರಿನ ಸೈಕಲ್ ಶಾಪಿನಲ್ಲಿ ರೇಡಿಯೋ ಇತ್ತು. ಪಂಕ್ಚರ್ ಹಾಕೋನು ಟ್ಯೂಬನ್ನ ನೀರಲ್ಲಿ ಮುಳುಗಿಸಿ ಹಿಡ್ಕೊಂಡು ಹಾಗೇ ಕೂತಿದ್ದ ಕಣೋ. ರಾಬರ್ಟ್ಸ್ ಓವರ್ ಮುಗಿಯೋವರೆಗೂ ಕೈ ಎತ್ತಲಿಲ್ಲ.”

“ಚಂದ್ರ ಔಟಾದಾಗ ಬೈದರಾ ಮಾವ?”

“ಯಾಕೆ ಬೈತಾರೆ? ಚಂದ್ರನೂ ನಮ್ಮವನೇ ಅಲ್ವಾ. ಆ ಮ್ಯಾಚ್ ಗೆದ್ದ್ವಿ, ಪ್ರಸನ್ನ ಒಂಬತ್ತು ವಿಕೆಟ್ ತಗೊಂಡ. ಆ ಮೂರು ರನ್ ಯಾರಿಗೆ ಬೇಕಾಗಿತ್ತು?”

ನದಿ ದಂಡೆಯಲ್ಲಿ ಕಾರು ನಿಲ್ಲಿಸಿ ಇಳಿದೆವು. ಅಲ್ಲಿ ಅವರು ಎದ್ದು ನಿಂತು ವಿಶ್ವನಾಥರ ಸ್ಕ್ವೇರ್ ಕಟ್ ಹೊಡೆದು ತೋರಿಸಿದರು. ಬಲಗಾಲು ಹಿಂದಕ್ಕೆ, ಅಡ್ಡಕ್ಕೆ. ಚೆಂಡು ಕಣ್ಣಿನ ಕೆಳಕ್ಕೆ ಬರುವವರೆಗೆ ಕಾಯುವುದು. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಿ ಬ್ಯಾಟು ಮೇಲಿನಿಂದ ಕೆಳಕ್ಕೆ. ಎಪ್ಪತ್ತರ ಹತ್ತಿರದ ಮನುಷ್ಯ, ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುವವರು. ಆ ಕಾಲು ಮಾತ್ರ ಹೋಗಬೇಕಾದ ಜಾಗಕ್ಕೇ ಹೋಯಿತು. ಐವತ್ತು ವರ್ಷ ಒಬ್ಬನ ಆಟವನ್ನು ಒಳಗಿಟ್ಟುಕೊಂಡರೆ ಅದು ಮೈಗೇ ಬಂದುಬಿಡುತ್ತದೆ ಎಂದು ನಾನು ಕಂಡದ್ದು ಅಲ್ಲಿ.

1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟಿನಲ್ಲಿ ಸೊನ್ನೆ, ಅದೇ ಪಂದ್ಯದ ಎರಡನೇ ಇನಿಂಗ್ಸಿನಲ್ಲಿ 137. 91 ಟೆಸ್ಟು, 6080 ರನ್, 14 ಶತಕ. ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಇವೆಲ್ಲ ಮಾವನಿಗೆ ಕಂಠಪಾಠ. ಆದರೂ ಅವರು ಎಲ್ಲಕ್ಕಿಂತ ಮೇಲೆ ಇಡುವುದು 1980ರ ಬಾಂಬೆ ಜುಬಿಲಿ ಟೆಸ್ಟನ್ನು. ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡ್ 58ಕ್ಕೆ 5 ಆಗಿ ಒದ್ದಾಡುತ್ತಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಅನ್ನಿಸಿತು, ಟೇಲರನ್ನು ವಾಪಸ್ ಕರೆದರು. ಟೇಲರ್ ಮತ್ತು ಬಾಥಮ್ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ನಿಂದ ಸೋತಿತು. ಅವತ್ತು ಸಂಕಟಪಟ್ಟವರು ಇದ್ದರು, ಬೇಡವಾಗಿತ್ತು ಎಂದವರೂ ಇದ್ದರು. ನನ್ನ ಮಟ್ಟಿಗೆ ಕರ್ನಾಟಕದ ಕ್ರಿಕೆಟಿನಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇನ್ನೊಂದಿಲ್ಲ. ನಾವು ಹುಡುಕಿ ಹೊರಟವರೆಲ್ಲ ಹೀಗೆ ಗೆಲುವಿನ ಲೆಕ್ಕದ ಹೊರಗೂ ಉಳಿದವರೇ ಎಂಬುದು ಶಿವಮೊಗ್ಗದ ದಾರಿಯಲ್ಲಿ ಇಬ್ಬರಿಗೂ ಹೊಳೆಯತೊಡಗಿತು.

ಶಿವಮೊಗ್ಗ ಬಿಟ್ಟು ಆಯನೂರು ದಾಟಿ ರಿಪ್ಪನ್‌ಪೇಟೆ ದಾರಿಯಲ್ಲಿ ಹೋದರೆ ಕಾಡಿನ ನಡುವೆ ಅರಸಾಳು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆರಿಸಿಕೊಂಡ ರೈಲು ನಿಲ್ದಾಣ. ಗೇಜ್ ಬದಲಾಗಿ ಹೊಸ ಕಟ್ಟಡ ಬಂದ ಮೇಲೆ ಪಾಳುಬಿದ್ದಿದ್ದ ಹಳೇ ನಿಲ್ದಾಣವನ್ನು ರೈಲ್ವೆಯವರು ಸರಿಮಾಡಿಸಿ 2020ರಲ್ಲಿ ಮ್ಯೂಸಿಯಂ ಮಾಡಿದರು. ಸರಿಮಾಡಿದ ಕಲಾವಿದ ಜಾನ್ ದೇವರಾಜ್, ಧಾರಾವಾಹಿಯ ಕಲಾ ನಿರ್ದೇಶನ ಮಾಡಿದವರೇ. ಹಳೆಯ ಬೋಗಿಯೊಂದರಲ್ಲಿ ಚಹಾ ಸಿಗುತ್ತದೆ. ಕಾಡುಗಾಳಿಗೆ ಕೈಯಲ್ಲಿ ಬಿಸಿ ಲೋಟ ಹಿಡಿದು ಪ್ಲಾಟ್‌ಫಾರಂ ತುದಿಯವರೆಗೆ ನಡೆದೆ. ಹಳಿ ಒಂದು ತಿರುವು ತೆಗೆದುಕೊಂಡು ಮರಗಳೊಳಗೆ ಮರೆಯಾಗುತ್ತದೆ. ಅಲ್ಲಿ ನಿಂತಾಗ ಎಲ್. ವೈದ್ಯನಾಥನ್ ಮಾಡಿದ ಆ ಶೀರ್ಷಿಕೆ ಸಂಗೀತವನ್ನು ಗುನುಗದೆ ಇರಲು ಆಗುವುದಿಲ್ಲ. ಪಕ್ಕದಲ್ಲಿ ದಾವಣಗೆರೆಯ ಕಡೆಯ ಒಂದು ಕುಟುಂಬ ಫೋಟೋ ತೆಗೆಸಿಕೊಳ್ಳುತ್ತಿತ್ತು. ಅವರ ಪುಟ್ಟ ಹುಡುಗಿಯೂ ಅದನ್ನೇ ಗುನುಗುತ್ತಿದ್ದಳು. ಶಂಕರ್ ನಾಗ್ ಹೋದಾಗ ಅವಳ ಅಮ್ಮನೇ ಹುಟ್ಟಿದ್ದಳೋ ಇಲ್ಲವೋ.

ಆಗುಂಬೆಯಲ್ಲಿ ಉಳಿದೆವು. ಸಂಜೆಯ ಸೂರ್ಯಾಸ್ತಕ್ಕೆ ಜನ ಸೇರುತ್ತಾರೆ, ನಾವೂ ಹೋಗಿ ನೋಡಿದೆವು, ಚೆನ್ನಾಗಿತ್ತು. ನಮಗೆ ಬೇಕಿದ್ದದ್ದು ಆ ಧಾರಾವಾಹಿಯ ಹುಡುಗ ಸ್ವಾಮಿಯ ಮನೆಯಾಗಿ ಕಾಣಿಸಿಕೊಂಡ ದೊಡ್ಡಮನೆ. ಕೈ ಸವೆಸಿ ನುಣುಪಾದ ಮರದ ಕಂಬಗಳು, ಒಳಗೆ ಬೆಳಕು ಬೀಳುವ ತೊಟ್ಟಿ, ಕಾಲಿಟ್ಟರೆ ತಣ್ಣಗಿನ ನೆಲ. ಗಿರೀಶ್ ಕಾರ್ನಾಡರು ಅಪ್ಪನಾಗಿ ಗದರುವುದು, ಮಾಸ್ಟರ್ ಮಂಜುನಾಥ್ ಕಣ್ಣರಳಿಸಿ ನಿಲ್ಲುವುದು, ಎಲ್ಲ ಆ ಜಗಲಿಯ ಮೇಲೆ ಇನ್ನೂ ನಡೆಯುತ್ತಿರುವ ಹಾಗೆ ಕಾಣಿಸಿತು. ಆರ್.ಕೆ. ನಾರಾಯಣ್ ಮನಸ್ಸಿನಲ್ಲಿ ಕಟ್ಟಿದ ಊರಿಗೆ ಮಲೆನಾಡಿನ ಒಂದು ಬೀದಿಯನ್ನು ಒಪ್ಪಿಸಿ, ಅದನ್ನು ಇಡೀ ದೇಶ ನಂಬುವಂತೆ ಮಾಡಿದಾಗ ಶಂಕರ್ ನಾಗ್‌ಗೆ ಮೂವತ್ತರ ಆಚೀಚೆ ವಯಸ್ಸು. 1978ರಲ್ಲಿ ತೆರೆಗೆ ಬಂದರು, 1990ರ ಸೆಪ್ಟೆಂಬರ್ 30ಕ್ಕೆ ಇಲ್ಲವಾದರು. ಆ ಹನ್ನೆರಡು ವರ್ಷದಲ್ಲಿ ನಟನೆ, ನಿರ್ದೇಶನ, ನಾಟಕ, ಧಾರಾವಾಹಿ; ಅದರ ನಡುವೆಯೇ ಬೆಂಗಳೂರಿಗೆ ಮೆಟ್ರೋ ಬೇಕೆಂಬ ಓಡಾಟ. ಅವರ ಆಟೋರಾಜನನ್ನು ಆಟೋದವರು ಪ್ರೀತಿಸಿದ್ದು ಪರದೆಯ ಮೇಲಿನ ಹೊಡೆದಾಟಕ್ಕೆ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಬೆಳಗಿನಿಂದ ರಾತ್ರಿವರೆಗೆ ದುಡಿಯುವವರು ತಮ್ಮಂತೆ ದುಡಿಯುವವನನ್ನು ಗುರುತು ಹಿಡಿದರು.

ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ಮೇಲೆ ಕರಾವಳಿ. ಬ್ರಹ್ಮಾವರ ದಾಟಿ ಸಾಲಿಗ್ರಾಮದ ಹತ್ತಿರ ಗುಂಡ್ಮಿ ಬಂದಾಗ ಕಾರಿನಲ್ಲಿ ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಹಾಡು ಹಾಕಿದೆ. ಅವರ ಊರು ಇದು. ಏರು ಸ್ವರದಲ್ಲಿ ಎತ್ತಿಕೊಂಡ ಪದ್ಯ ಚಂಡೆಯ ಮೇಲೆ ಸಲೀಸಾಗಿ ತೇಲುತ್ತಿತ್ತು. ನಾವಡರೂ ಶಂಕರ್ ನಾಗ್‌ರಂತೆ 1990ರಲ್ಲೇ, ಮೇ ತಿಂಗಳಲ್ಲಿ, ರಸ್ತೆ ಅಪಘಾತದಲ್ಲೇ ಹೋದರು, ಮೂವತ್ತರ ಆಸುಪಾಸಿನಲ್ಲಿ. ಕರಾವಳಿಯವರಿಗೆ ಆ ವರ್ಷ ಎರಡು ಸಲ ಸಿಡಿಲು ಬಡಿಯಿತು. ಕುಂದಾಪುರದವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಭಟ್ಕಳ, ಮುರ್ಡೇಶ್ವರ, ಮಂಕಿ ಕಳೆದು ಹೊನ್ನಾವರಕ್ಕೆ ಮೊದಲೇ ಸಿಗುತ್ತದೆ ಗುಣವಂತೆ. ಯಕ್ಷಗಾನದ ಕೆರೆಮನೆ ಮನೆತನದವರ ನೆಲೆ. ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು, ಮಗ ಶಂಭು ಹೆಗಡೆ ಅದನ್ನು ಬೆಳೆಸಿ ಇಲ್ಲಿ ಶ್ರೀಮಯ ಕಲಾಕೇಂದ್ರ ಮಾಡಿದರು, ಮೊಮ್ಮಗ ಶಿವಾನಂದ ಹೆಗಡೆ ನಡೆಸಿಕೊಂಡು ಬಂದಿದ್ದಾರೆ. ನಾವು ಹೋದ ಹೊತ್ತಿಗೆ ಹುಡುಗರ ಅಭ್ಯಾಸ ನಡೆದಿತ್ತು. ಗುರುಗಳು ಬಾಯಲ್ಲಿ ತಾಳ ಹೇಳುತ್ತಿದ್ದರು, ಒಂದೇ ಹೆಜ್ಜೆ, ಮತ್ತೆ ಅದೇ ಹೆಜ್ಜೆ. ಒಬ್ಬನ ಹಿಮ್ಮಡಿ ಅರೆಗಳಿಗೆ ತಡವಾಗಿ ನೆಲಕ್ಕೆ ಬಿದ್ದರೂ ಅವರು ನಿಲ್ಲಿಸಿ ಮೊದಲಿನಿಂದ ಶುರುಮಾಡಿಸುತ್ತಿದ್ದರು. 2009ರಲ್ಲಿ ಶಂಭು ಹೆಗಡೆ ತೀರಿಕೊಂಡದ್ದು ಇಡಗುಂಜಿಯಲ್ಲೇ, ವೇಷ ಕಟ್ಟಿ ಕುಣಿದ ರಾತ್ರಿ.

ಇದೇ ತಾಲ್ಲೂಕಿನವರು ಚಿಟ್ಟಾಣಿ ರಾಮಚಂದ್ರ ಹೆಗಡೆ. 2012ರಲ್ಲಿ ಪದ್ಮಶ್ರೀ ಬಂದಾಗ ಯಕ್ಷಗಾನಕ್ಕೆ ಅದು ಮೊದಲ ಪದ್ಮಶ್ರೀ. ನಾನು ಅವರ ಭಸ್ಮಾಸುರನನ್ನು ನೋಡಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ಮೋಹಿನಿಯನ್ನು ಕಂಡ ಕೂಡಲೆ ಮೊದಲು ಬದಲಾದದ್ದು ಹುಬ್ಬು. ಆಮೇಲೆ ಕೆನ್ನೆಯ ಒಂದು ಸಣ್ಣ ಅದುರು, ಆಮೇಲೆ ಭುಜ, ಕೊನೆಗೆ ಕಾಲು. ರಾಕ್ಷಸನೊಬ್ಬ ಹದಿಹರೆಯದ ಹುಡುಗನಾಗುವುದನ್ನು ಅಂಗ ಅಂಗವಾಗಿ ತೋರಿಸಿದರು. ಅವಳು ಕುಣಿದಂತೆ ಕುಣಿಯುತ್ತಾ ಕೈ ತಲೆಯ ಮೇಲೆ ಹೋಗುವಾಗ ಆ ಮುಖದಲ್ಲಿದ್ದದ್ದು ಸುಖ ಮಾತ್ರ. ಸಾಯುವವನ ಮೇಲೆ ನನಗೆ ಅಷ್ಟು ಅಕ್ಕರೆ ಹುಟ್ಟಿದ್ದು ಅದೇ ಮೊದಲು.

ಆ ರಾತ್ರಿ ಹೊನ್ನಾವರದ ಒಳಗಿನ ಹಳ್ಳಿಯೊಂದರಲ್ಲಿ ಬಯಲಾಟವಿತ್ತು. ಗದ್ದೆಯಲ್ಲಿ ಮೇಳದ ರಂಗಸ್ಥಳ, ಬದಿಯಲ್ಲಿ ಚುರುಮುರಿ, ಚಹಾದ ಅಂಗಡಿ. ಪಕ್ಕದ ಕುರ್ಚಿಯ ಹಿರಿಯರು ಮಾವನನ್ನು ಕೇಳಿದರು, “ನೀವು ಚಿಟ್ಟಾಣಿಯವ್ರ ಕೀಚಕ ನೋಡಿದ್ದೀರಾ?” ಇಲ್ಲ ಅಂದರು ಮಾವ. ಚಂಡೆ ಬಡಿತದ ನಡುವೆಯೇ ಅವರು ಕೂತಲ್ಲೇ ಕುತ್ತಿಗೆ ತಿರುಗಿಸಿ, ಕಣ್ಣು ಹೊರಳಿಸಿ ಸೈರಂಧ್ರಿಯನ್ನು ನೋಡುವ ಕೀಚಕನನ್ನು ತೋರಿಸಿದರು. ಮಾವ ಸುಮ್ಮನಿರಲಿಲ್ಲ, ವಿಶ್ವನಾಥರ ಕಟ್ ತೋರಿಸಿದರು. ಹಿರಿಯರಿಗೆ ಕ್ರಿಕೆಟ್ ಅಷ್ಟು ಗೊತ್ತಿರಲಿಲ್ಲ, ಆದರೂ ಮಣಿಕಟ್ಟನ್ನು ಗಮನವಿಟ್ಟು ನೋಡಿ “ಹಾಂ, ಅದು ಕಲೆಯೇ” ಅಂದರು.

ಹೊರಡುವಾಗ ದಾವಣಗೆರೆ ಮೇಲೆ ಹೋಗೋಣವೇ ಎಂದು ಮಾವ ಕೇಳಿದರು. ಶಂಕರ್ ನಾಗ್ ಅಪಘಾತಕ್ಕೆ ಸಿಕ್ಕ ಆನಗೋಡು ಆ ಹೆದ್ದಾರಿಯಲ್ಲಿದೆ. ನಾನು ಬೇಡ ಅಂದೆ. ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ ಹುಟ್ಟಿದ ಆ ಮನುಷ್ಯ ಕೆಲಸ ಮಾಡಿದ ಜಾಗ ಕಂಡಾಯಿತು, ಪ್ರಾಣ ಬಿಟ್ಟ ಜಾಗ ನನಗೆ ಬೇಕಿಲ್ಲ. ಗೇರುಸೊಪ್ಪ ಘಾಟಿ ಹತ್ತಿ ಸಾಗರದ ದಾರಿ ಹಿಡಿದೆವು. ಜೋಗದ ಕಡೆಯ ತಿರುವು ಬರುವಷ್ಟರಲ್ಲಿ ಮಾವ ಮುಂದಿನ ಸಲದ ಮಾತು ತೆಗೆದಿದ್ದರು: ಗದಗಕ್ಕೆ ಹೋಗಬೇಕು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದ ಸುನಿಲ್ ಜೋಶಿ ಅಲ್ಲಿಯವರು. ಹುಡುಗನಾಗಿದ್ದಾಗ ಪ್ರಾಕ್ಟೀಸಿಗೆಂದು ಗದಗದಿಂದ ಹುಬ್ಬಳ್ಳಿಗೆ ರೈಲು ಹತ್ತುತ್ತಿದ್ದರಂತೆ.

“ಅದೇ ರೈಲಲ್ಲಿ ಹೋಗೋಣ, ಬೆಳಗಿನ ಜಾವದ್ದು” ಅಂದರು ಮಾವ.