ಅವನ ಶಿಫ್ಟಿನಲ್ಲಿ ಮುರಿದ ಶಾಫ್ಟು

"ಓವರ್‌ಲೋಡ್ ಅಂತ ಒಂದು ಮಾತು ಬರೆದುಬಿಡಿ ಮೇಡಂ, ಮಿಕ್ಕಿದ್ದು ನಾವು ನೋಡ್ಕೋತೀವಿ."

ಮಂಗಳವಾರ ಬೆಳಿಗ್ಗೆ, ಮುರಿದ ಲೋಹದ ಭಾಗಗಳನ್ನು ಪರೀಕ್ಷಿಸುವ ಪೀಣ್ಯದ ನಮ್ಮ ಲ್ಯಾಬಿಗೆ ಬಂದ ಮೇಂಟೆನೆನ್ಸ್ ಮ್ಯಾನೇಜರು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳಿದ್ದಿದು. ಮುರಿದ ಶಾಫ್ಟ್ ಇನ್ನೂ ಗಾಡಿಯಿಂದ ಇಳಿದಿರಲಿಲ್ಲ.

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆ. ಬಾಯ್ಲರಿನ ಹೊಗೆ ಎಳೆಯುವ ಐಡಿ ಫ್ಯಾನಿನ ಶಾಫ್ಟು ರಾತ್ರಿ ಪಾಳಿಯಲ್ಲಿ ಎರಡು ತುಂಡಾಗಿದೆ. ಇರುವ ಎರಡು ಬಾಯ್ಲರಿನಲ್ಲಿ ಒಂದು ನಿಂತಿತೆಂದರೆ ಅರ್ಧ ಉಗಿ; ಅರ್ಧ ಉಗಿಯಲ್ಲಿ ಗಾಣ ಕುಂಟುತ್ತದೆ. ಗೇಟಿನ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಬಿಸಿಲಿಗೆ ತೂಕ ಇಳಿಯುತ್ತಿದೆ ಎಂದು ರೇಗಾಡುವ ರೈತರು. ಆತನ ತಲೆಬಿಸಿ ನನಗೆ ಅರ್ಥವಾಗುತ್ತದೆ. ಆದರೂ ಮನುಷ್ಯ ಹಿಡಿಸಲಿಲ್ಲ. ಎದುರಿಗಿದ್ದವರು ಮಾತಾಡುತ್ತಿದ್ದರೆ ಎರಡು ಫೋನನ್ನು ಒಂದರ ಮೇಲೊಂದು ಇಟ್ಟು ಇಸ್ಪೀಟ್ ಎಲೆಯ ಹಾಗೆ ತಿರುವುತ್ತ ಕೂರುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗದು.

ಜೊತೆಗೆ ಇನ್ನೊಬ್ಬರು ಬಂದಿದ್ದರು, ಬಾಯ್ಲರ್ ಅಟೆಂಡೆಂಟ್. ಐವತ್ತರ ಆಸುಪಾಸು, ತೋಳಿನ ಮೇಲೆ ಹಳೆಯ ಸುಟ್ಟ ಕಲೆಗಳು. ನಮ್ಮ ಹುಡುಗನ ಜೊತೆ ಸೇರಿ ಗೋಣಿಚೀಲದಲ್ಲಿ ಸುತ್ತಿದ ತುಂಡುಗಳನ್ನು ಹೊತ್ತು ತಂದು ಮೇಜಿನ ಮೇಲಿಟ್ಟು ಬಾಗಿಲ ಬಳಿ ನಿಂತುಕೊಂಡರು. ಕೂರಿ ಎಂದರೂ ಕೂರಲಿಲ್ಲ. ಮ್ಯಾನೇಜರು ಗಲ್ಲದಲ್ಲೇ ಅತ್ತ ತೋರಿಸಿ, "ಇವನ ಶಿಫ್ಟಲ್ಲೇ ಮುರಿದದ್ದು. ಡ್ಯಾಂಪರ್ ಪೂರ್ತಿ ತೆಗೆದಿಟ್ಟು ಫ್ಯಾನ್ ಸ್ಟಾರ್ಟ್ ಮಾಡವ್ನೆ" ಎಂದರು. ಎದುರಿಗೇ ನಿಂತವರ ಬಗ್ಗೆ ಹಾಗೆ! ಡ್ಯಾಂಪರ್ ಅಂದರೆ ಫ್ಯಾನಿನ ಗಾಳಿದಾರಿಯ ಬಾಗಿಲು; ಅದು ತೆರೆದಿದ್ದರೆ ಸ್ಟಾರ್ಟ್ ಆಗುವಾಗಲೇ ಭಾರ ಹೆಚ್ಚು ಬೀಳುತ್ತದೆ.

ಶಾಫ್ಟಿನ ಒಂದು ತುಂಡಿಗೆ ವೈರ್ ಬ್ರಶ್ ಹಾಕಿ ಥಳಥಳ ಮಾಡಿದ್ದರು. ಲ್ಯಾಬಿಗೆ ಹೋಗುವ ಸಾಮಾನು ನೀಟಾಗಿರಲಿ ಎಂದು ಮ್ಯಾನೇಜರೇ ಹೇಳಿ ಮಾಡಿಸಿದ್ದಂತೆ. ಸುರತ್ಕಲ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠವೇ ಮುರಿದ ಮುಖವನ್ನು ಮುಟ್ಟಬೇಡಿ ಎನ್ನುವುದು. ಉಜ್ಜಬಾರದು, ತೊಳೆಯಬಾರದು. "ನೋಡಿ, ಎಷ್ಟು ಸರಿಯಾಗಿ ಕೂರುತ್ತೆ" ಎಂದು ಎರಡು ತುಂಡನ್ನು ಜೋಡಿಸಿಯಂತೂ ನೋಡಲೇಬಾರದು. ಒಂದಕ್ಕೊಂದು ತಿಕ್ಕಿ ಎಲ್ಲ ಅಳಿಸಿಹೋಗುತ್ತದೆ. ನಮ್ಮಲ್ಲಿ ಬರುವ ಮುರುಕುಗಳಲ್ಲಿ ಬಹಳಷ್ಟು ಹೀಗೆ ಸ್ನಾನ ಮಾಡಿಕೊಂಡೇ ಬರುತ್ತವೆ.

ಇನ್ನೊಂದು ತುಂಡು ಮಾತ್ರ ದಪ್ಪ ಗ್ರೀಸಿನಲ್ಲಿ ಮುಳುಗಿತ್ತು, ಮೇಲೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲ, ಅದಕ್ಕೆ ಸೈಕಲ್ ಟ್ಯೂಬಿನ ಕಟ್ಟು. "ಇವ್ನು ಗ್ರೀಸ್ ಬಳಿದು ಗಲೀಜು ಮಾಡವ್ನೆ, ಸಾರಿ ಮೇಡಂ" ಎಂದರು ಮ್ಯಾನೇಜರು. ನನಗೆ ಒಳಗೊಳಗೇ ಖುಷಿಯಾಯಿತು. ಹೊಸ ತುಕ್ಕು ಹಿಡಿಯದ ಹಾಗೆ ಆ ಮುಖವನ್ನು ಕಾಪಾಡಿದ್ದು ಅದೇ ಗಲೀಜು.

ಮ್ಯಾನೇಜರ ಒಂದು ಫೋನು ಹೊಡೆದುಕೊಂಡಿತು, ಆತ ಹೊರಗೆ ಹೋದರು. ನಾನು ಆಸಿಟೋನ್ ಹಾಕಿ ಮೆತ್ತನೆ ಬ್ರಶ್ಶಿನಲ್ಲಿ ಗ್ರೀಸ್ ತೆಗೆಯುತ್ತಿದ್ದೆ. ಬಾಗಿಲ ಬಳಿ ಇದ್ದವರು ಎರಡು ಹೆಜ್ಜೆ ಒಳಗೆ ಬಂದು ಮೆಲ್ಲಗೆ ಕೇಳಿದರು: "ಮೇಡಂ, ಇದ್ರಲ್ಲಿ ತಾರೀಕು ಗೊತ್ತಾಯ್ತದಾ?"

"ತಾರೀಕು ಗೊತ್ತಾಗಲ್ಲ. ಯಾವುದು ಮೊದಲು ಆಯ್ತು, ಯಾವುದು ಆಮೇಲೆ ಅನ್ನೋದು ಗೊತ್ತಾಗುತ್ತೆ" ಅಂದೆ.

"ಅಷ್ಟು ಸಾಕು ಬುಡಿ" ಅಂದರು. ಮತ್ತೆ ಬಾಗಿಲಿಗೆ ಹೋಗಿ ನಿಂತರು.

ಈ ಮೂರು ಮಾತು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಇಷ್ಟು ವರ್ಷಗಳಲ್ಲಿ ಯಾಕೆ ಮುರಿಯಿತು ಎಂದು ಕೇಳಿದವರಿದ್ದಾರೆ, ಯಾರ ತಪ್ಪು ಎಂದು ಕೇಳಿದವರು ಅದಕ್ಕಿಂತ ಹೆಚ್ಚು, ಇನ್ಶೂರೆನ್ಸ್ ಬರುತ್ತದಾ ಎನ್ನುವವರು ಎಲ್ಲರಿಗಿಂತ ಹೆಚ್ಚು. ಯಾವತ್ತಿನಿಂದ ಮುರಿಯುತ್ತಿತ್ತು ಎಂದು ಕೇಳಿದವರನ್ನು ನಾನು ಕಂಡೇ ಇರಲಿಲ್ಲ.

ಗ್ರೀಸ್ ಹೋದ ಮೇಲೆ ಮೈಕ್ರೋಸ್ಕೋಪೇ ಬೇಕಿರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಂತೆಲ್ಲ ದಂಡೆಯ ಮಣ್ಣಿನಲ್ಲಿ ಒಂದರ ಕೆಳಗೊಂದು ಗೆರೆ ಉಳಿಯುತ್ತದಲ್ಲ, ಅಂಥ ಗೆರೆಗಳು ಅಂಚಿನಿಂದ ಒಳಕ್ಕೆ ಸಾಗಿದ್ದವು. ಫ್ಯಾನ್ ಓಡಿದಾಗ ಬಿರುಕು ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ನಿಂತಾಗ, ಭಾರ ಬದಲಾದಾಗ ಅಲ್ಲೊಂದು ಗುರುತು ಬೀಳುತ್ತದೆ. ಅಂಚಿನ ಭಾಗ ಕಂದು ತಿರುಗಿ ಹಳತಾಗಿತ್ತು. ಒಳಕ್ಕೆ ಹೋದಂತೆ ಬಣ್ಣ ತಿಳಿಯಾಗಿ, ನಡುವಿನಿಂದ ಒಂಚೂರು ಪಕ್ಕಕ್ಕೆ ಸರಿದು ಒಂದು ಸಣ್ಣ ಒರಟು ಜಾಗ, ಇಡೀ ಮುಖದ ಹತ್ತರಲ್ಲೊಂದು ಪಾಲೂ ಇರಲಿಕ್ಕಿಲ್ಲ. ಆ ರಾತ್ರಿ ಮುರಿದದ್ದು ಅಷ್ಟೇ. ಮಿಕ್ಕ ಒಂಬತ್ತು ಪಾಲು ಮೊದಲೇ ಮುರಿದಾಗಿತ್ತು.

ಇನ್ನೂ ಒಂದು ಮಾತಿದೆ. ಭಾರ ವಿಪರೀತವಾಗಿದ್ದರೆ ಶಾಫ್ಟು ಇಷ್ಟು ಕೊನೆಯವರೆಗೆ ತಡೆಯುವುದಿಲ್ಲ, ಬಿರುಕು ಕಾಲುಭಾಗ ದಾಟುವಷ್ಟರಲ್ಲಿ ಹೋಗಿಬಿಡುತ್ತದೆ. ಹತ್ತನೇ ಒಂದು ಪಾಲು ಲೋಹದ ಮೇಲೆ ಫ್ಯಾನು ತಿರುಗುತ್ತಲೇ ಇತ್ತೆಂದರೆ ಅದರ ಮೇಲಿದ್ದ ಭಾರ ಹಗುರವೇ ಆಗಿತ್ತು.

ಮ್ಯಾನೇಜರು ಒಳಗೆ ಬಂದು, "ಸ್ಟಾರ್ಟ್ ಮಾಡೋವಾಗ ತಿರುಚಿಕೊಂಡಿದೆ ಅಲ್ವಾ?" ಎಂದರು. ನಾನು ಡ್ರಾಯರಿನಿಂದ ಎರಡು ಸೀಮೆಸುಣ್ಣ ತೆಗೆದು ಕೊಟ್ಟೆ. ಒಂದನ್ನು ತಿರುಚಿ ಮುರಿಯಿರಿ, ಇನ್ನೊಂದನ್ನು ಬಗ್ಗಿಸಿ ಮುರಿಯಿರಿ ಎಂದೆ. ತಿರುಚಿದ್ದು ಓರೆಯಾಗಿ ಸುರುಳಿಯಂತೆ ಮುರಿಯಿತು, ಬಗ್ಗಿಸಿದ್ದು ನೇರ ಅಡ್ಡಕ್ಕೆ. ಮೆತುವಾದ ಉಕ್ಕನ್ನು ತಿರುಚಿದರೆ ಸುಣ್ಣದ ಹಾಗೆ ಸುರುಳಿ ಬರುವುದಿಲ್ಲ, ಆದರೆ ಮುಖದ ಮೇಲೆ ಸುತ್ತಿ ಒರೆಸಿದ ಗುರುತಾದರೂ ಇರಬೇಕು. ಇಲ್ಲಿ ಅದೂ ಇಲ್ಲ, ಬಾಗಿ ಬಾಗಿ ಸೀಳಿದ ಗೆರೆಗಳೇ. ಆತ ಬೆರಳಿಗಂಟಿದ ಸುಣ್ಣ ಒರೆಸಿಕೊಂಡು, "ನೀವು ಟೀಚರ್ ಆಗಬೇಕಿತ್ತು ಮೇಡಂ" ಎಂದರು. ಹೊಗಳಿಕೆ ಅಲ್ಲವೆಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ.

ಹಾಗಾದರೆ ಬಿರುಕು ಹುಟ್ಟಿದ್ದೆಲ್ಲಿ? ಬೇರಿಂಗ್ ಕೂರುವ ಜಾಗದ ಪಕ್ಕದ ಮೂಲೆಯಲ್ಲಿ, ಒಂದು ಕಡೆಯಲ್ಲ, ಸುತ್ತಲೂ ಹಲವು ಕಡೆ. ಅಡ್ಡ ಕೊಯ್ದು ಪಾಲಿಶ್ ಮಾಡಿ ನೈಟಾಲ್ ಎಂಬ ಆಸಿಡ್ ದ್ರಾವಣ ಹಚ್ಚಿದ ಕೂಡಲೇ ಹೊರಗಿನ ಕೆಲವು ಮಿಲಿಮೀಟರ್ ಬೇರೆಯೇ ಬಣ್ಣದಲ್ಲಿ ಎದ್ದು ಬಂತು. ವೆಲ್ಡಿಂಗ್. ಬೇರಿಂಗ್ ಜಾಗ ಸವೆದಾಗ ಹೊಸ ಶಾಫ್ಟ್ ಮಾಡಿಸುವ ಬದಲು ವೆಲ್ಡಿಂಗಿನಲ್ಲಿ ತುಂಬಿಸಿ ಲೇತಿನಲ್ಲಿ ಅಳತೆಗೆ ಕಡೆದಿದ್ದಾರೆ. ಹೊರಗಿನಿಂದ ನೋಡಿದರೆ ಹೊಸದೇ. ಡ್ರಾಯಿಂಗಿನಲ್ಲಿ ಇಎನ್8 ಎಂದಿದೆ, ಅಂದರೆ ಶೇಕಡಾ 0.4ರಷ್ಟು ಇಂಗಾಲ ಇರುವ ಉಕ್ಕು. ಇದನ್ನು ಮೊದಲು ಕಾಯಿಸಿಕೊಳ್ಳದೆ ವೆಲ್ಡ್ ಮಾಡಿದರೆ ಪಕ್ಕದ ಪದರ ಥಟ್ಟನೆ ತಣಿದು ಗಾಜಿನ ಹಾಗೆ ಗಡುಸಾಗುತ್ತದೆ. ಒಳಗಿನ ಉಕ್ಕಿನ ಗಡಸುತನ 210 ವಿಕರ್ಸ್ ಬಂದರೆ ಆ ಪದರದಲ್ಲಿ 550 ದಾಟಿತ್ತು. ಒದ್ದೆ ಹವೆಯಲ್ಲಿ ಇಟ್ಟಿದ್ದ ಸಾದಾ ವೆಲ್ಡಿಂಗ್ ರಾಡಾಗಿದ್ದರೆ ಅದರಿಂದ ಹೈಡ್ರೋಜನ್ ಸೇರಿ ಅಲ್ಲೇ ಸೂಕ್ಷ್ಮ ಬಿರುಕು ಬಿಡುವುದೂ ಉಂಟು. ಸಾಲದ್ದಕ್ಕೆ ಮೂಲೆಯನ್ನು ದುಂಡಗೆ ಬಿಡದೆ ಚಾಕುವಿನಂತೆ ಚೂಪಾಗಿ ಕಡೆದಿದ್ದರು.

ಒಂದು ಮಿತಿಯೊಳಗೆ ಬಾಗಿಸಿದರೆ ಉಕ್ಕು ಎಷ್ಟು ಸಲ ಬಾಗಿದರೂ ಮುರಿಯದು ಎಂದು ಜರ್ಮನಿಯ ವೋಲರ್ 19ನೇ ಶತಮಾನದಲ್ಲೇ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾನೆ. ಚೂಪು ಮೂಲೆಯೂ ಗಡಸು ಪದರವೂ ಆ ಮಿತಿಯನ್ನೇ ಕೆಳಗಿಳಿಸುತ್ತವೆ. ನಿಮಿಷಕ್ಕೆ ಸುಮಾರು 1000 ಸುತ್ತು ತಿರುಗುವ ಫ್ಯಾನಿದು. ಒಂದೊಂದು ಸುತ್ತಿಗೂ ಶಾಫ್ಟಿನ ಹೊರಮೈ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಕ್ಕುತ್ತದೆ. ದಿನಕ್ಕೆ 14 ಲಕ್ಷ ಸಲ, ತಿಂಗಳಿಗೆ ನಾಲ್ಕು ಕೋಟಿಗೂ ಮೇಲೆ. ಇಷ್ಟು ಕೋಟಿ ಸುತ್ತುಗಳಲ್ಲಿ ಕಟ್ಟಕಡೆಯದೊಂದು ಮಾತ್ರ ಬಾಗಿಲ ಬಳಿ ನಿಂತಿದ್ದವರ ಪಾಳಿಯಲ್ಲಿ ಬಂತು.

ಬುಧವಾರ ಮ್ಯಾನೇಜರಿಗೆ ಫೋನ್ ಮಾಡಿ ಬಾಯ್ಲರ್ ಹೌಸಿನ ಲಾಗ್ ಬುಕ್ ಕೇಳಿದೆ, ಫ್ಯಾನ್ ನಿಂತ ದಿನಗಳನ್ನು ಗೆರೆಗಳ ಜೊತೆ ಹೋಲಿಸಿ ನೋಡೋಣವೆಂದು. ಓವರ್‌ಲೋಡ್ ಆಗಿದ್ದು ಅದರಲ್ಲೇ ಸಿಗುತ್ತದೆಂದುಕೊಂಡರೋ ಏನೋ, ಪುಟಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿಯೇಬಿಟ್ಟರು. ಮೋಟರಿನ ಆಂಪಿಯರ್ ಕಾಲಂ ಮೊದಲಿಂದ ಕೊನೆಯವರೆಗೆ ಸಮಸಮ ಇತ್ತು. ಪಕ್ಕದ ಷರಾ ಕಾಲಮಿನಲ್ಲಿ ದುಂಡನೆಯ ಕನ್ನಡ ಅಕ್ಷರದಲ್ಲಿ "ಫ್ಯಾನು ಅದುರ್ತಾ ಇದೆ." ಕೆಲವು ಪುಟ ಬಿಟ್ಟು ಮತ್ತೆ, "ಅದುರು ಜಾಸ್ತಿ." ಮತ್ತೆ, "ತಿಳಿಸಿದೆ." ಕೆಳಗೆ ಯಾರದೋ ಚುಟುಕು ಸಹಿ. ಬಿರುಕು ಬಿಟ್ಟ ಶಾಫ್ಟು ಬಿಗಿ ಕಳೆದುಕೊಂಡು ಅದುರುತ್ತದೆ, ಬರೆದವರಿಗೆ ಅದು ಪಾದದಡಿಯ ಪ್ಲಾಟ್‌ಫಾರ್ಮಿನಲ್ಲೇ ತಿಳಿದಿರಬೇಕು. ತಾರೀಕು ಅವರ ಹತ್ತಿರ ಮೊದಲೇ ಇತ್ತು! ಲೋಹವೂ ಅದನ್ನೇ ಹೇಳುತ್ತದೋ ಇಲ್ಲವೋ ಎಂದಷ್ಟೇ ಅವರು ನನ್ನನ್ನು ಕೇಳಿದ್ದು. ಅದಕ್ಕೇ "ಅಷ್ಟು ಸಾಕು ಬುಡಿ."

ಕೊನೆಗೆ ಕೈಯಿಟ್ಟವನ ಮೇಲೆ ಹೊರಿಸುವುದು ಸಕ್ಕರೆ ಕಾರ್ಖಾನೆಯಲ್ಲೇ ಹುಟ್ಟಿದ ಬುದ್ಧಿಯಲ್ಲ. 1953ರ ಮೇ 2ರಂದು ಕಲ್ಕತ್ತದ ದಮ್‌ದಮ್‌ನಿಂದ ಹೊರಟ ಕಾಮೆಟ್ ಜೆಟ್ ವಿಮಾನ ಬಿರುಗಾಳಿಯಲ್ಲಿ ಆಕಾಶದಲ್ಲೇ ಚೂರಾಗಿ 43 ಜನ ಸತ್ತರು. ಗಾಳಿಯ ಹೊಡೆತ, ಇಲ್ಲವೇ ಪೈಲಟ್ ಅತಿಯಾಗಿ ಕಂಟ್ರೋಲ್ ಎಳೆದದ್ದು ಅಥವಾ ಹತೋಟಿ ತಪ್ಪಿದ್ದು ಎಂದಿತು ವಿಚಾರಣೆ. ಮರುವರ್ಷ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ ಒಂದು, ಏಪ್ರಿಲ್‌ನಲ್ಲಿ ನೇಪಲ್ಸ್ ಹತ್ತಿರದ ಸಮುದ್ರದಲ್ಲಿ ಇನ್ನೊಂದು ಕಾಮೆಟ್ ಬಿತ್ತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅಂಥದೇ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು ಒಳಗೆ ಒತ್ತಡ ಏರಿಸಿ ಇಳಿಸಿ ನೋಡಿದರು. ಹಿಂದಿನ ನಿಜವಾದ ಹಾರಾಟಗಳನ್ನೂ ಸೇರಿಸಿ 3057ನೇ ಸಲಕ್ಕೆ ಮೈ ಸೀಳಿತು, ಕಿಟಕಿಯ ಮೂಲೆಯಿಂದ. ಕಲ್ಕತ್ತದ್ದೂ ಹಾಗೇ ಮುರಿಯಿತೆಂದು ನಾನು ಹೇಳುತ್ತಿಲ್ಲ, ಅಲ್ಲಿ ನಿಜಕ್ಕೂ ಬಿರುಗಾಳಿ ಇತ್ತು. ಆದರೆ ಸತ್ತ ಪೈಲಟ್ ಆ ವಾಕ್ಯದೊಳಗೆ ಎಷ್ಟು ಸಲೀಸಾಗಿ ಬಂದು ಕೂತ ನೋಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾದಾಗಲೂ ಅಷ್ಟೇ. ಬೆಳಗಾಗುವಷ್ಟರಲ್ಲಿ ಯಾವ ಸರ್ಕಾರದ ತಪ್ಪು ಎಂಬ ಜಗಳ ಟಿವಿಯಲ್ಲಿ ಶುರುವಾಗಿತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಜನ ಕೊಂಡಾಡಿದ್ದು ಸರಿಯೇ. ನಾನು ಮಾತ್ರ ರಾತ್ರಿಯೆಲ್ಲ ಮೊಬೈಲಿನಲ್ಲಿ ಆ ಕೊಂಡಿಯ ಮುರಿದ ಮುಖದ ಒಂದು ಸ್ಪಷ್ಟ ಫೋಟೋಗೆ ಹುಡುಕುತ್ತಿದ್ದೆ. ನನ್ನ ಗಂಡ, "ಊರಿಗೆ ನೀರು ಬಂದಿದೆ ಅಂದ್ರೆ ಇವಳಿಗೆ ಚೈನಿನ ಫೋಟೋ ಬೇಕು" ಎಂದು ನಕ್ಕರು.

ಈಗ ಆ ವೆಲ್ಡರನ್ನು ಹಿಡಿದು ತರುವುದೂ ನನಗೆ ಇಷ್ಟವಿಲ್ಲ. ಫೋರ್ಜಿಂಗ್, ಅಂದರೆ ಕಾಯಿಸಿ ಬಡಿದ ಉಕ್ಕಿನ ದಿಮ್ಮಿ, ಬಂದು ಹೊಸ ಶಾಫ್ಟ್ ತಯಾರಾಗಲು ವಾರಗಳೇ ಬೇಕು. ಕಬ್ಬು ಅಷ್ಟು ದಿನ ಕಾಯುವುದಿಲ್ಲ. ಸಂಜೆಯೊಳಗೆ ತುಂಬಿಸಿ ಕೊಡು ಎಂದವರು ಯಾರೋ ಇದ್ದಾರೆ, ಅವರಿಗೂ ಮೇಲಿನಿಂದ ಫೋನು ಬಂದಿರುತ್ತದೆ. ನನ್ನ ವರದಿಯಲ್ಲಿ ಮನುಷ್ಯರ ಹೆಸರಿಗೆ ಜಾಗವಿಲ್ಲ. ಮೊದಲೇ ಕಾಯಿಸದೆ ಮಾಡಿದ ವೆಲ್ಡಿಂಗ್, ಚೂಪು ಮೂಲೆ, ಬಹುಕಾಲ ಬೆಳೆದ ಬಿರುಕು, ಅಧಿಕ ಭಾರದ ಕುರುಹು ಇಲ್ಲ. ಆ ಕೊನೆಯ ಸಾಲನ್ನು ಬೇಕೆಂದೇ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದೆ.

ನಿನ್ನೆ ಮಧ್ಯಾಹ್ನ ಮ್ಯಾನೇಜರ ಫೋನು. ವೆಲ್ಡಿಂಗಿನ ಪ್ಯಾರಾ ತೆಗೆಯಲಾಗುತ್ತದಾ ಎಂದರು. ಇಲ್ಲ ಎಂದೆ. ದಪ್ಪಕ್ಷರವಾದರೂ? ಅದೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಲ್ಲಿನಲ್ಲಿ ಡಿಸ್ಕೌಂಟ್ ಕೇಳಿದರು. ಆಗ ನಾನು ಕೇಳಿದೆ: ಇನ್ನೊಂದು ಬಾಯ್ಲರಿನ ಫ್ಯಾನಿನ ಶಾಫ್ಟು?

"ಅದನ್ನೂ ಅಲ್ಲೇ ತುಂಬಿಸಿದ್ದು ಮೇಡಂ, ಎರಡೂ ಒಟ್ಟಿಗೇ."

ನಿಲ್ಲಿಸಿ, ಒಳಗಿನ ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಟೆಸ್ಟ್ ಮಾಡಿಸಿ, ಬೇಕಾದರೆ ನಮ್ಮ ಹುಡುಗನನ್ನೇ ಇವತ್ತು ಕಳಿಸುತ್ತೇನೆ ಎಂದೆ. "ಈಗಿರೋದು ಅದೊಂದೇ ಫ್ಯಾನು, ಸೀಜನ್ ಮುಗೀಲಿ" ಎಂದರು. ಅದರ ಮುಂದೆ ಪಾಳಿಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಲೈನು ಸರಿಯಿಲ್ಲ ಎಂದರು. ಫೋನಿಟ್ಟ ಮೇಲೆ ಅದೇ ಮಾತನ್ನು ಮೇಲ್‌ನಲ್ಲಿ ಬರೆದು, ಅವರ ಜನರಲ್ ಮ್ಯಾನೇಜರಿಗೂ ಒಂದು ಪ್ರತಿ ಹಾಕಿ, ತಾರೀಕಿನ ಜೊತೆ ಗಂಟೆಯನ್ನೂ ನಮೂದಿಸಿ ಕಳಿಸಿದೆ.